ಪೂರ್ತಿ ಬಿಚ್ಚದೆ ರಿಪೇರಿಯಾದ ಎಂಜಿಬಿ

ಹಳೆಯ ಸ್ಪೋರ್ಟ್ಸ್ ಕಾರು ಕೈಗೆ ಬಂದ ಕೂಡಲೇ ಬಹಳಷ್ಟು ಜನರಿಗೆ ಹುಟ್ಟುವ ಆಸೆ ಒಂದೇ: ಪೂರ್ತಿ ಬಿಚ್ಚಿ, ಒಂದೊಂದು ನಟ್ಟನ್ನೂ ತೊಳೆದು, ಹೊಸದಾಗಿ ಜೋಡಿಸಿಬಿಡಬೇಕು. ಈ ಆಸೆಗೆ ಬಲಿಯಾದ ಕಾರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಎಂಜಿನ್ ಒಂದು ಮೂಲೆಯಲ್ಲಿ, ಬಾಗಿಲುಗಳು ಅಟ್ಟದ ಮೇಲೆ, ತಿರುಪುಗಳು ಚೀಟಿ ಅಂಟಿಸದ ಡಬ್ಬಿಗಳಲ್ಲಿ. ಬಿಚ್ಚುವಾಗಿನ ಉತ್ಸಾಹ ಜೋಡಿಸುವ ಹೊತ್ತಿಗೆ ಉಳಿದಿರುವುದಿಲ್ಲ. ವರ್ಷಗಳು ಕಳೆದ ಮೇಲೆ ಕಾರು ಬಿಡಿಭಾಗಗಳ ರಾಶಿಯಾಗಿ ಮಾರಾಟವಾಗುತ್ತದೆ.

ಹಾಗಾಗಿ ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರಾದ 1969ರ ಎಂಜಿಬಿ ರೋಡ್‌ಸ್ಟರ್ ನನ್ನ ಶೆಡ್ಡಿಗೆ ಬಂದಾಗ ಒಂದು ನಿಯಮ ಹಾಕಿಕೊಂಡೆ. ಒಮ್ಮೆಗೆ ಒಂದೇ ವ್ಯವಸ್ಥೆಗೆ ಕೈ ಹಾಕುವುದು. ಅದು ಮುಗಿದು, ಪರೀಕ್ಷೆಯೂ ಆಗುವ ತನಕ ಮತ್ತೊಂದಕ್ಕೆ ಸ್ಪ್ಯಾನರ್ ತಾಗಿಸದಿರುವುದು. ಯಾವ ಹಂತದಲ್ಲೂ ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ಉರುಳುವಂತಿರಬೇಕು. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದು ಖಚಿತಪಡಿಸಿಕೊಂಡು ಹಾಗೆಯೇ ಬಿಡುವುದೂ ದುರಸ್ತಿಯ ಒಂದು ಭಾಗ ಎಂದು ನಾನು ನಂಬಿದ್ದೇನೆ.

ಮನೆಯಲ್ಲೇ ಕೆಲಸ ಕಲಿಯುವವರಿಗೆ ಎಂಜಿಬಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ, ಗಟ್ಟಿ ಮೇಲ್ಛಾವಣಿಯ ಜಿಟಿ ಮಾದರಿಯೂ ಸೇರಿ, ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದರ ಬದಿಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಹೆಚ್ಚಿನವು ಕೈಗೂ ಎಟಕುತ್ತವೆ. ಬಿಡಿಭಾಗಗಳಿಗೂ ಕೊರತೆಯಿಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಹಳೆಯ ಮೂಲ ಅಚ್ಚುಗಳನ್ನೇ ಬಳಸಿ ಇಡೀ ಬಾಡಿಯನ್ನು ಮತ್ತೆ ತಯಾರಿಸತೊಡಗಿತು.

ಆದರೆ ತನ್ನ ಕಾರು ಯಾವ ವರ್ಷದ್ದು ಎಂಬುದು ಮಾಲೀಕನಿಗೆ ಸ್ಪಷ್ಟವಾಗಿ ತಿಳಿದಿರಬೇಕು. 1964ರ ಕೊನೆಯವರೆಗೆ ಬಂದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಗೆ ಮೂರು ಬೇರಿಂಗ್, ಆಮೇಲಿನವುಗಳಲ್ಲಿ ಐದು. 1967ರವರೆಗೆ ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇತ್ತು, ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿತ್ತು. ನಂತರ ಆಲ್ಟರ್ನೇಟರ್ ಬಂದು ಅರ್ಥ್ ನೆಗೆಟಿವ್‌ಗೆ ಬದಲಾಯಿತು. ಇದನ್ನು ಅರಿಯದೆ ಬ್ಯಾಟರಿ ಜೋಡಿಸಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ನಾನೂ ತರಿಸಿಕೊಂಡೆ. ಕಡುಗೆಂಪು ಬಣ್ಣದಲ್ಲಿ ನನ್ನ ಬಳಿ ಬಂದ ಕಾರು ಹುಟ್ಟುವಾಗ ಪೇಲ್ ಪ್ರಿಮ್‌ರೋಸ್ ಎಂಬ ತಿಳಿಹಳದಿಯದ್ದಾಗಿತ್ತು. ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಹಿಡಿದಾಗ ಆ ಹಳದಿ ಇನ್ನೂ ಹಾಗೆಯೇ ಇತ್ತು. ಆ ಬಣ್ಣಕ್ಕೇ ಮರಳಬೇಕೆಂದು ಅಂದೇ ತೀರ್ಮಾನಿಸಿದೆ.

ಮೊದಲ ತಪಾಸಣೆಗೆ ಬೇಕಾದ ಉಪಕರಣ ಒಂದು ಸಣ್ಣ ಅಯಸ್ಕಾಂತ. ಅದಕ್ಕೆ ತೆಳು ಬಟ್ಟೆ ಸುತ್ತಿ, ಬಾಡಿಯ ಕೆಳಭಾಗದುದ್ದಕ್ಕೂ ಆಡಿಸುತ್ತ ಹೋದೆ. ತಗಡು ಇರುವ ಕಡೆ ಪಟ್ಟನೆ ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪಗಿರುವ ಕಡೆ ಜಾರಿ ಬೀಳುತ್ತದೆ. ಮುಂದಿನ ಮಡ್‌ಗಾರ್ಡಿನ ಕೆಳ ಅಂಚಿನಲ್ಲಿ, ಬಾಗಿಲ ಕೆಳಗಿನ ಸಿಲ್‌ನ ಎರಡೂ ತುದಿಗಳಲ್ಲಿ ಅದು ಒಂದು ಕ್ಷಣವೂ ನಿಲ್ಲಲಿಲ್ಲ. ಸ್ಕ್ರೂಡ್ರೈವರ್‌ನಿಂದ ಒತ್ತಿದೆ, ಬಣ್ಣ ಒಡೆದು, ಪುಟ್ಟಿ ಉದುರಿ, ಒಳಗಿನಿಂದ ಕೆಂಪು ಪುಡಿ ಸುರಿಯಿತು. ಗೆದ್ದಲು ತಿಂದ ತೊಲೆಯಂತೆ, ಹೊರಗೆ ಆಕಾರವಿತ್ತು, ಒಳಗೆ ಏನೂ ಇರಲಿಲ್ಲ.

ಈ ಕಾರಿನ ಮಟ್ಟಿಗೆ ಅದು ಕೇವಲ ಅಂದದ ಪ್ರಶ್ನೆಯಲ್ಲ. ಇದಕ್ಕೆ ಮೊದಲು ಬಂದ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು. ಎಂಜಿಬಿಗೆ ಇಲ್ಲ; ತಗಡಿನ ಒಡಲೇ ಅದರ ಚಾಸಿ. ಅದರಲ್ಲೂ ರೋಡ್‌ಸ್ಟರ್‌ಗೆ ಗಟ್ಟಿ ಮೇಲ್ಛಾವಣಿ ಇಲ್ಲದಿರುವುದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಹೊಣೆಯ ದೊಡ್ಡ ಪಾಲು ಸಿಲ್‌ಗಳ ಮೇಲೆ ಬೀಳುತ್ತದೆ. ಒಳ ಸಿಲ್, ನಡುವಿನ ಪರದೆ ತಗಡು, ಹೊರ ಸಿಲ್, ಇವುಗಳ ಕೆಳಗೆ ಕ್ಯಾಸಲ್ ಸೆಕ್ಷನ್ ಎಂದು ಕರೆಯುವ ಮಡಿಕೆ ತಗಡು: ಎಲ್ಲವೂ ಸೇರಿ ಒಂದು ಪೆಟ್ಟಿಗೆಯಾಗುತ್ತದೆ. ಹೊರ ಸಿಲ್ ಮೇಲೆ ಹೊಸ ತಗಡನ್ನು ಅಂಟಿಸಿ ಮುಚ್ಚಿದರೆ ನೋಡುವವರ ಕಣ್ಣಿಗೆ ಸರಿಹೋಗುತ್ತದೆ, ಒಳಗಿನ ಪೆಟ್ಟಿಗೆ ಸತ್ತಂತೆಯೇ ಇರುತ್ತದೆ. ನನ್ನ ಕಾರಿಗೆ ಹಿಂದೆ ಯಾರೋ ಮಾಡಿದ್ದು ಅದನ್ನೇ. ಇಂಥ ಕೆಲಸ ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಆ ಕಾರಿನಲ್ಲಿ ಜನ ಕೂರುತ್ತಾರೆ.

ತುಕ್ಕು ಅಲ್ಲಿಯೇ ಏಕೆ ಹುಟ್ಟಿತೆಂಬುದು ಮಡ್‌ಗಾರ್ಡ್ ಬಿಚ್ಚಿದಾಗ ಗೊತ್ತಾಯಿತು. ಎಂಜಿಬಿಯ ಮುಂದಿನ ಮಡ್‌ಗಾರ್ಡ್‌ಗಳನ್ನು ಬೋಲ್ಟ್‌ಗಳಿಂದ ಕೂರಿಸಿರುತ್ತಾರೆ, ಇದು ದೊಡ್ಡ ಉಪಕಾರ. ಚಕ್ರ ಎರಚಿದ ಕೆಸರು ಚಕ್ರದ ಹಿಂದಿನ ಸಂದಿಯಲ್ಲಿ ಸೇರಿ, ಗಟ್ಟಿಯಾಗಿ, ತೇವವನ್ನು ವರ್ಷಗಟ್ಟಲೆ ಹಿಡಿದಿಟ್ಟಿತ್ತು. ನೀರು ಹೊರಹೋಗಲು ಕೊಟ್ಟಿದ್ದ ತೂತುಗಳು ಮುಚ್ಚಿಹೋಗಿದ್ದವು.

ಸಿಲ್ ಕತ್ತರಿಸುವ ಮೊದಲಿನ ತಯಾರಿಯೇ ಈ ಕೆಲಸದ ಜೀವಾಳ. ಬಾಗಿಲಿನ ಸುತ್ತಲಿನ ಸಂದನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಉಕ್ಕಿನ ಸ್ಕೇಲಿನಿಂದ ಅಳೆದು, ಪಕ್ಕದಲ್ಲೇ ಅಂಟಿಸಿದ ಕಾಗದದ ಟೇಪಿನ ಮೇಲೆ ಮಿಲಿಮೀಟರ್‌ಗಳಲ್ಲಿ ಬರೆದೆ. ಬಾಗಿಲ ತೆರಪಿಗೆ ಅಡ್ಡಲಾಗಿ, ಕೀಲಿನ ಕಂಬದಿಂದ ಬೀಗದ ಕಂಬಕ್ಕೆ, ಚೌಕ ಕೊಳವೆಯ ಆಧಾರ ಬಿಗಿದೆ. ಕಾರಿನ ಭಾರ ಸಸ್ಪೆನ್ಷನ್ ಮೇಲೆಯೇ ಬೀಳುವಂತೆ ಸ್ಟ್ಯಾಂಡ್‌ಗಳನ್ನು ಇಟ್ಟೆ. ಬಾಡಿಯ ನಡುವಿಗೆ ಆಧಾರ ಕೊಟ್ಟು ಸಿಲ್ ಕತ್ತರಿಸಿದರೆ ಎರಡೂ ತುದಿಗಳು ತೂಗಿ ಇಡೀ ಒಡಲು ಬಾಗುತ್ತದೆ, ಹಾಗೆಯೇ ವೆಲ್ಡ್ ಮಾಡಿದರೆ ಆ ಬಾಗು ಶಾಶ್ವತವಾಗುತ್ತದೆ. ಒಂದು ಬದಿ ಪೂರ್ಣವಾಗುವವರೆಗೆ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ.

ವೆಲ್ಡಿಂಗ್‌ನಲ್ಲಿ ಪಳಗಿದ ಗೆಳೆಯನೊಬ್ಬ ಜೊತೆಗೆ ನಿಂತ. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಶೆಡ್ಡಿನಿಂದ ಹೊರಗಿಟ್ಟು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಟ್ಟ ಮೇಲೆಯೇ ಅವನು ವೆಲ್ಡಿಂಗ್ ಟಾರ್ಚ್ ಹಿಡಿದದ್ದು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಆಗಿದ್ದ ಕಡೆ ಹೊಸ ತಗಡಿನ ಅಂಚಿಗೆ ತೂತು ಕೊರೆದು, ಆ ತೂತುಗಳ ಮೂಲಕ ಕೆಳಗಿನ ತಗಡಿಗೆ ಬೆಸೆದೆವು. ಒಂದೇ ಗೆರೆಯಲ್ಲಿ ಬೆಸೆಯುತ್ತ ಹೋದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಇಲ್ಲೊಂದು, ದೂರದಲ್ಲೊಂದು, ಮತ್ತೆ ನಡುವೆ ಒಂದು. "ಅವಸರ ಮಾಡಬೇಡ, ಕೈಯಿಟ್ಟರೆ ಬಿಸಿ ತಾಗದಿದ್ದಾಗ ಮುಂದಿನದು" ಎನ್ನುವುದು ಅವನ ಲೆಕ್ಕ. ಹೊರ ಸಿಲ್ಲನ್ನು ಮೊದಲು ಕ್ಲ್ಯಾಂಪ್‌ಗಳಲ್ಲಿ ಹಿಡಿಸಿ, ಬಾಗಿಲು ಮತ್ತು ಮಡ್‌ಗಾರ್ಡ್ ಎರಡನ್ನೂ ತೂಗಿಸಿ, ಟೇಪಿನ ಮೇಲಿನ ಅಂಕಿಗಳೊಡನೆ ಸಂದುಗಳನ್ನು ತಾಳೆ ನೋಡಿದೆವು. ಹೊಂದಿಕೆಯಾದ ನಂತರವೇ ಬೆಸುಗೆ. ಕೊನೆಗೆ ಅಡ್ಡ ಆಧಾರ ತೆಗೆದು ಬಾಗಿಲನ್ನು ತಳ್ಳಿದಾಗ ಅದು ಎತ್ತದೆ, ಒತ್ತದೆ, ಒಂದೇ ಸದ್ದಿನಲ್ಲಿ ಮುಚ್ಚಿಕೊಂಡಿತು. ಆ ಸದ್ದು ಕೇಳಿ ನಮ್ಮಿಬ್ಬರಿಗೂ ಆದ ಸಂತೋಷವನ್ನು ಅಳತೆ ಮಾಡಲಾರೆ. ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚುತ್ತಲೇ ಇದ್ದೆವು.

ಬಣ್ಣದ ಕೆಲಸವನ್ನು ಹೊರಗೆ ಕೊಟ್ಟೆ. ಧೂಳಿಲ್ಲದ ಕೋಣೆ, ಗಾಳಿಯ ಹೊರಹರಿವು, ಐಸೋಸಯನೇಟ್ ಎಂಬ ಅಪಾಯಕಾರಿ ರಾಸಾಯನಿಕ ಇರುವ ಬಣ್ಣಕ್ಕೆ ಬೇಕಾದ ಉಸಿರಾಟದ ರಕ್ಷಣೆ, ಇವು ಮನೆಯ ಶೆಡ್ಡಿನಲ್ಲಿ ಆಗುವ ಮಾತಲ್ಲ. ಬಣ್ಣವಾಗಿ ಬಂದ ಮೇಲೆ ಸಿಲ್‌ಗಳ ಒಳಗೆ ಉದ್ದ ಕೊಳವೆಯಿಂದ ಮೇಣ ಸಿಂಪಡಿಸಿದೆ. ನೀರಿನ ತೂತುಗಳಿಂದ ಮೇಣ ತೊಟ್ಟಿಕ್ಕಿದರೆ ಮೂಲೆಮೂಲೆಗೂ ತಲುಪಿದೆ ಎಂದರ್ಥ. ಆಮೇಲೆ ಆ ತೂತುಗಳನ್ನು ಮರೆಯದೆ ತೆರೆದುಬಿಡಬೇಕು.

ಬ್ರೇಕ್ ವಿಷಯದಲ್ಲಿ ನನ್ನ "ಚೆನ್ನಾಗಿದ್ದರೆ ಬಿಡು" ಎಂಬ ನಿಯಮ ಅನ್ವಯಿಸುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ನಿಂತೇ ಇದ್ದ ಕಾರಿನಲ್ಲಿ ಅದು ಸಿಲಿಂಡರ್‌ಗಳನ್ನು ಒಳಗಿನಿಂದ ತಿನ್ನುತ್ತದೆ. ರಬ್ಬರ್ ಹೋಸ್‌ಗಳು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಆಯಿಲ್ ಹಿಂದಿರುಗದಂತೆ ತಡೆಯುತ್ತವೆ. ಹೋಸ್, ಸೀಲ್, ಹಿಂದಿನ ಚಕ್ರದ ಸಿಲಿಂಡರ್ ಎಲ್ಲವನ್ನೂ ಹೊಸದು ಹಾಕಿದೆ, ಉಕ್ಕಿನ ಪೈಪುಗಳ ಜಾಗಕ್ಕೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಎಳೆದೆ. ಹಳೆಯ ಡ್ರಮ್ ತೆರೆಯುವವರಿಗೆ ಒಂದು ಮಾತು: ಆ ಕಾಲದ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಕಂಪ್ರೆಸರ್ ಗಾಳಿಯಿಂದ ಧೂಳು ಊದಬಾರದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕಬೇಕು. ಬ್ರೇಕ್ ಪೈಪುಗಳೊಳಗೆ ಸೇರಿದ ಗಾಳಿ ತೆಗೆಯುವ ಕೆಲಸಕ್ಕೆ ಮಗಳು ಸೀಟಿನಲ್ಲಿ ಕುಳಿತಳು. ನಾನು ಕೆಳಗಿನಿಂದ "ಒತ್ತು, ಹಿಡಿ" ಎನ್ನುತ್ತ ನಿಪ್ಪಲ್ ಸಡಿಲಿಸಿದೆ, ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಹೊರಟವು, ಬಿಗಿದು "ಬಿಡು" ಎಂದೆ. ಗುಳ್ಳೆಗಳು ನಿಂತವೆಂದು ನಾನು ಹೇಳುವ ಮುನ್ನವೇ ಅವಳೇ ಮೇಲಿನಿಂದ, "ಅಪ್ಪಾ, ಈಗ ಪೆಡಲ್ ಕಲ್ಲಿನ ಹಾಗಾಗಿದೆ" ಎಂದಳು.

ಎಂಜಿನ್ ಬಿಚ್ಚಲಿಲ್ಲ. ಬಿಚ್ಚಲೇಬೇಕೆಂದು ಹೇಳಿದವರು ಬಹಳ ಮಂದಿ. ಆದರೆ ಎಂಜಿನ್‌ಗೇ ಕೇಳದೆ ತೀರ್ಮಾನಿಸುವುದು ಸರಿಯಲ್ಲ. ಪ್ಲಗ್‌ಗಳನ್ನು ತೆಗೆದು, ನಾಲ್ಕೂ ಸಿಲಿಂಡರ್‌ಗಳಿಗೆ ಸ್ವಲ್ಪ ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು, ಕಾರನ್ನು ನಾಲ್ಕನೇ ಗಿಯರ್‌ನಲ್ಲಿಟ್ಟು ಮೆಲ್ಲಗೆ ತಳ್ಳಿ ಎಂಜಿನ್ ತಿರುಗಿಸಿದೆ. ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಆಯಿಲ್ ಬದಲಿಸಿ, ಪ್ಲಗ್‌ಗಳಿಲ್ಲದೆಯೇ ಸ್ಟಾರ್ಟರ್‌ನಿಂದ ತಿರುಗಿಸುತ್ತ ಆಯಿಲ್ ಪ್ರೆಶರ್‌ನ ಮುಳ್ಳು ಏಳುವುದನ್ನು ಕಾದೆ. ಸಿಲಿಂಡರ್‌ಗಳೊಳಗಿನ ಒತ್ತಡವನ್ನು, ಅಂದರೆ ಕಂಪ್ರೆಷನ್, ನೋಡಿದರೆ ನಾಲ್ಕರ ನಡುವೆ ಹೇಳುವಂಥ ವ್ಯತ್ಯಾಸವಿರಲಿಲ್ಲ. ಇಂಥ ಎಂಜಿನ್ನನ್ನು ಬಿಚ್ಚುವುದಕ್ಕೆ ನನಗೆ ಕಾರಣ ಕಾಣಲಿಲ್ಲ.

ಆಯಿಲ್ ಆರಿಸುವಾಗ ಮಾತ್ರ ಎಚ್ಚರ ಬೇಕು. ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಸುವ ಟಾಪೆಟ್‌ಗಳು ಕ್ಯಾಮ್ ಮೇಲೆ ನೇರವಾಗಿ ಉಜ್ಜಿಕೊಂಡು ಓಡುತ್ತವೆ, ಅವುಗಳ ನಡುವೆ ಉರುಳುವ ರೋಲರ್ ಇಲ್ಲ. ಆ ಉಜ್ಜುವಿಕೆಯನ್ನು ತಾಳಿಕೊಳ್ಳಲು ಆಯಿಲ್‌ನಲ್ಲಿ ಸತು ಮತ್ತು ರಂಜಕದ ಸಂಯುಕ್ತ ಸಾಕಷ್ಟು ಇರಬೇಕು. ಹೊಸ ಕಾರುಗಳಿಗಾಗಿ ಮಾಡಿದ ಎಷ್ಟೋ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಹಳೆಯ ಕಾರುಗಳಿಗೆಂದೇ ಬರುವ 20W-50 ಹಾಕಿದೆ. ಪೆಟ್ರೋಲ್‌ನದು ಇನ್ನೊಂದು ಕಥೆ. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ಹಳೆಯ ರಬ್ಬರ್ ಹೋಸ್‌ಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ, ಎಂಜಿನ್ ಬಿಸಿಯ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಟ್ಯಾಂಕ್‌ನಿಂದ ಕಾರ್ಬ್ಯುರೇಟರ್‌ವರೆಗಿನ ಪ್ರತಿಯೊಂದು ರಬ್ಬರ್ ತುಂಡನ್ನೂ ಎಥನಾಲ್ ತಾಳುವ ಆರ್9 ದರ್ಜೆಯ ಹೋಸ್‌ಗೆ ಬದಲಿಸಿದೆ. ಇಗ್ನಿಷನ್ ಹಾಕಿದರೆ ಹಿಂದಿನಿಂದ ಪೆಟ್ರೋಲ್ ಪಂಪ್ ಟಕಟಕ ಎನ್ನುತ್ತದೆ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಒದಗಿಸುವ ಫ್ಲೋಟ್ ಬಟ್ಟಲುಗಳು ತುಂಬಿದಂತೆ ನಿಧಾನವಾಗಿ ನಿಲ್ಲುತ್ತದೆ. ನಿಲ್ಲದೆ ಬಡಿಯುತ್ತಲೇ ಇದ್ದರೆ ಟ್ಯಾಂಕ್ ಬರಿದಾಗಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದು ತಿಳಿಯಬೇಕು. ಈಗ ಆ ಸದ್ದಿಗೆ ಕಿವಿ ಕೊಡದೆ ನಾನು ಸ್ಟಾರ್ಟ್ ಮಾಡುವುದೇ ಇಲ್ಲ.

ವೈರಿಂಗ್ ಬಗ್ಗೆ ಜನ ಪಡುವಷ್ಟು ಭಯ ಬೇಡ. ಬಣ್ಣಗಳ ಭಾಷೆ ಕಲಿತರೆ ಅರ್ಧ ಕೆಲಸ ಮುಗಿಯಿತು: ಕಂದು ತಂತಿಯಲ್ಲಿ ಯಾವಾಗಲೂ ಕರೆಂಟ್, ಬಿಳಿಯಲ್ಲಿ ಇಗ್ನಿಷನ್ ಹಾಕಿದಾಗ, ಹಸಿರಿನಲ್ಲಿ ಅದೇ ಕರೆಂಟ್ ಫ್ಯೂಸ್ ದಾಟಿ, ಕಪ್ಪು ಅರ್ಥ್. ನನ್ನ ಕಾರಿನ ಹೆಡ್‌ಲೈಟ್ ಮಂಕಾಗಿತ್ತು. ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ದೀಪದ ಅರ್ಥ್ ತಂತಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆ. ಸೊನ್ನೆಯ ಹತ್ತಿರ ಇರಬೇಕಾದ ಕಡೆ ಒಂದು ವೋಲ್ಟ್‌ಗಿಂತ ಹೆಚ್ಚು ತೋರಿಸಿತು. ಅಷ್ಟು ವೋಲ್ಟೇಜು ತುಕ್ಕು ಹಿಡಿದ ಕನೆಕ್ಟರ್‌ನಲ್ಲೇ ಕಳೆದುಹೋಗುತ್ತಿತ್ತು. ಕನೆಕ್ಟರ್ ಬದಲಿಸಿ, ಬಾಡಿಗೆ ತಾಗುವ ಜಾಗವನ್ನು ಹೊಳೆಯುವಂತೆ ಉಜ್ಜಿ, ವ್ಯಾಸಲಿನ್ ಸವರಿದೆ. ಅದೇ ದೀಪ, ಅದೇ ತಂತಿ, ಬೆಳಕು ಮಾತ್ರ ಬೇರೆ. ಸೀಟಿನ ಹಿಂದೆ ಸರಣಿಯಲ್ಲಿ ಜೋಡಿಸಿರುವ ಎರಡು ಆರು ವೋಲ್ಟ್ ಬ್ಯಾಟರಿಗಳ ಕೇಬಲ್‌ಗಳಿಗೂ ಇದೇ ಪರೀಕ್ಷೆ ಮಾಡಿದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಕಾರ್ಬ್ಯುರೇಟರ್. ಎಸ್‌ಯು ಕಾರ್ಬ್ಯುರೇಟರ್‌ನ ಒಳಗೆ ಒಂದು ಪಿಸ್ಟನ್ ಇದೆ. ಎಂಜಿನ್ ಹೆಚ್ಚು ಗಾಳಿ ಎಳೆದಂತೆ ಅದು ಮೇಲೇರಿ ದಾರಿ ಅಗಲ ಮಾಡುತ್ತದೆ, ಅದರ ಕೆಳಗೆ ಕಚ್ಚಿಕೊಂಡ ಮೊನಚು ಸೂಜಿಯೂ ಪೆಟ್ರೋಲ್ ಬರುವ ಸಣ್ಣ ಕೊಳವೆಯಾದ ಜೆಟ್‌ನಿಂದ ಮೇಲೆದ್ದು ಅಷ್ಟೇ ಪ್ರಮಾಣದಲ್ಲಿ ಪೆಟ್ರೋಲ್ ಬಿಡುತ್ತದೆ. ಇಷ್ಟು ಸರಳವಾದ, ಇಷ್ಟು ಜಾಣ ಯಂತ್ರ ನಾನು ಬೇರೆ ಕಂಡಿಲ್ಲ. ಆದರೆ ಕಾರು ಸರಿಯಾಗಿ ಓಡದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಅದರ ತಿರುಪಿಗೇ, ಹೋಗಬೇಕಾದದ್ದು ಕೊನೆಗೆ.

ಮೊದಲು ವಾಲ್ವ್ ಅಂತರ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು. 0.015 ಅಂಗುಲ, ಅಂದರೆ 0.38 ಮಿ.ಮೀ. ಎಂಟು ವಾಲ್ವ್‌ಗಳಿಗೆ ಒಂದು ಸುಲಭ ಲೆಕ್ಕವಿದೆ: ಪೂರ್ತಿ ತೆರೆದಿರುವ ವಾಲ್ವ್‌ನ ಸಂಖ್ಯೆಯನ್ನು ಒಂಬತ್ತರಿಂದ ಕಳೆಯಬೇಕು, ಉಳಿದ ಸಂಖ್ಯೆಯ ವಾಲ್ವನ್ನು ಹೊಂದಿಸಬೇಕು. ಒಂದನೆಯದು ತೆರೆದಿದ್ದರೆ ಎಂಟನೆಯದು, ಮೂರನೆಯದು ತೆರೆದಿದ್ದರೆ ಆರನೆಯದು. ಆ ಸಂದನ್ನು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಸಡಿಲವಾಗಿಯೂ ಹೋಗಬಾರದು, ಸಿಕ್ಕಿಕೊಳ್ಳಲೂ ಬಾರದು. ಎಳೆದಾಗ ಬೆರಳಿಗೆ ಸಣ್ಣ ಎದುರೊತ್ತು ಸಿಗಬೇಕು. ನಂತರ ಡಿಸ್ಟ್ರಿಬ್ಯೂಟರ್ ಪಾಯಿಂಟ್ 0.015 ಅಂಗುಲ, ಪ್ಲಗ್ 0.025 ಅಂಗುಲ, ಆಮೇಲೆ ಕಿಡಿ ಹಾರುವ ಟೈಮಿಂಗ್. ಇವೆಲ್ಲ ಸರಿಯಾದ ಮೇಲೆ ಕಾರ್ಬ್ಯುರೇಟರ್.

ಎರಡೂ ಪಿಸ್ಟನ್‌ಗಳನ್ನು ಎತ್ತಿ ಬಿಟ್ಟೆ. ಮುಂದಿನದು ಟಕ್ ಎಂದು ಲೋಹದ ಸದ್ದು ಮಾಡಿ ಕೂತಿತು. ಹಿಂದಿನದು ಸದ್ದಿಲ್ಲದೆ ಅರೆಮನಸ್ಸಿನಿಂದ ಇಳಿಯಿತು: ಸೂಜಿ ಜೆಟ್‌ನ ಗೋಡೆಗೆ ಉಜ್ಜುತ್ತಿತ್ತು. ಜೆಟ್ ಹಿಡಿದ ದೊಡ್ಡ ನಟ್ ಸಡಿಲಿಸಿ, ಜೆಟ್ಟನ್ನು ಪೂರ್ತಿ ಮೇಲೆತ್ತಿ, ಪಿಸ್ಟನ್ನನ್ನು ಕೆಳಕ್ಕೆ ಒತ್ತಿಹಿಡಿದು, ಜೆಟ್ ತಾನಾಗಿಯೇ ನಡುವಿಗೆ ಬಂದ ಮೇಲೆ ನಟ್ ಬಿಗಿದೆ. ಈಗ ಎರಡೂ ಒಂದೇ ಸ್ವರದಲ್ಲಿ ಬಿದ್ದವು. ಎಂಜಿನ್ ಚೆನ್ನಾಗಿ ಬಿಸಿಯಾದ ನಂತರ ಎರಡನ್ನೂ ಜೋಡಿಸುವ ಕೊಂಡಿಯನ್ನು ಸಡಿಲಿಸಿ, ಒಂದು ತುಂಡು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೆ, ಇನ್ನೊಂದನ್ನು ಒಂದೊಂದು ಕಾರ್ಬ್ಯುರೇಟರ್ ಬಾಯಿಗೆ ಹಿಡಿದು, ಗಾಳಿ ಎಳೆಯುವ ಸುಯ್ ಸದ್ದು ಎರಡರಲ್ಲೂ ಸಮವಾಗುವವರೆಗೆ ತಿರುಪು ತಿರುಗಿಸಿದೆ.

ಮಿಶ್ರಣ ಹೊಂದಿಸುವುದು ಕೆಳಗಿನ ಆರುಮುಖದ ನಟ್‌ನಲ್ಲಿ. ಕೆಳಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಮೇಲಕ್ಕೆ ತಿರುಗಿಸಿದರೆ ಕಡಿಮೆ. ಒಮ್ಮೆಗೆ ಒಂದು ಮುಖ ಮಾತ್ರ. ಪ್ರತಿ ಬಾರಿಯೂ ಪಿಸ್ಟನ್ನನ್ನು ಕೂದಲೆಳೆಯಷ್ಟು, ಸುಮಾರು 0.8 ಮಿ.ಮೀ. ಎತ್ತಿ ಎಂಜಿನ್ ಏನು ಹೇಳುತ್ತದೆಂದು ಕೇಳಬೇಕು. ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ತಡವರಿಸಿ ಕುಸಿದರೆ ಕಡಿಮೆಯಾಗಿದೆ. ಒಂದು ಕ್ಷಣ ಚೂರು ಏರಿ ಮತ್ತೆ ತನ್ನ ಲಯಕ್ಕೆ ಬಂದರೆ ಸರಿ. ಒಂದನ್ನು ತಿದ್ದಿದರೆ ಇನ್ನೊಂದು ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಹಿಂದಕ್ಕೂ ಮುಂದಕ್ಕೂ ಓಡಾಡಬೇಕು. ಪಿಸ್ಟನ್ ಜಿಗಿಯದಂತೆ ತಡೆಯುವ ಮೇಲಿನ ಡ್ಯಾಂಪರ್‌ಗಳಿಗೆ 20 ದರ್ಜೆಯ ಎಣ್ಣೆ ಹಾಕಿ ಮುಚ್ಚಳ ಬಿಗಿದು, ಆಕ್ಸಲರೇಟರ್ ಒತ್ತಿದೆ. ಎಂಜಿನ್ ಕೆಮ್ಮದೆ, ತಡೆಯದೆ ಏರಿತು. ಹೊಸ ಭಾಗವೊಂದನ್ನೂ ಕೊಳ್ಳದೆ, ಕಿವಿಯ ಬಲದಿಂದ ದಕ್ಕಿದ ಆ ಏರಿಕೆಗಾಗಿಯೇ ನಾನು ಹಳೆಯ ಕಾರುಗಳನ್ನು ಪ್ರೀತಿಸುತ್ತೇನೆ.

ಓಡಿಸತೊಡಗಿದ ಮೇಲೆ ಗ್ರೀಸ್ ಗನ್ ನಿತ್ಯದ ಸಂಗಾತಿಯಾಗಿದೆ. ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳು ಹೊರಳಲು ಆಧಾರವಾದ ಕಿಂಗ್ ಪಿನ್‌ಗಳಿಗೆ ಪ್ರತಿ 3000 ಮೈಲಿಗೆ ಗ್ರೀಸ್ ಬೇಕು. ಕಾರನ್ನು ಎತ್ತಿ, ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲಿನ ಭಾರ ತೆಗೆದು ಕೊಟ್ಟರೆ ಗ್ರೀಸ್ ಒಳಗಿನವರೆಗೆ ಇಳಿಯುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ಹೋಗುವುದಿಲ್ಲ, ಯಾರನ್ನೂ ಹೋಗಲು ಬಿಡುವುದಿಲ್ಲ. ತಂತಿ ಚಕ್ರಗಳನ್ನು ಕಳಚಿದಾಗಲೆಲ್ಲ ಹಬ್‌ನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರುತ್ತೇನೆ, ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟುತ್ತೇನೆ. ಬಿಗಿಯಾದದ್ದು ಝಣ್ ಎನ್ನುತ್ತದೆ, ಸಡಿಲಾದದ್ದು ಮೊದ್ದು ಸದ್ದು ಕೊಡುತ್ತದೆ.

ಸದ್ಯ ಎಡಗಡೆಯ ಮುಂದಿನ ಶಾಕ್ ಅಬ್ಸಾರ್ಬರ್‌ನ ಶಾಫ್ಟ್ ಬಳಿ ಎಣ್ಣೆ ಒಸರುತ್ತಿದೆ. ಈ ಕಾರಿನಲ್ಲಿ ಅದು ಲಿವರ್ ಮಾದರಿಯದು, ಅದರ ತೋಳೇ ಸಸ್ಪೆನ್ಷನ್‌ನ ಮೇಲಿನ ಆಧಾರವೂ ಹೌದು. ಆದ್ದರಿಂದ ಕಳಚುವ ಮೊದಲು ಕೆಳಗಿನಿಂದ ಸ್ಪ್ರಿಂಗ್‌ಗೆ ಗಟ್ಟಿಯಾಗಿ ಜಾಕ್ ಕೊಟ್ಟಿರಬೇಕು, ಇಲ್ಲದಿದ್ದರೆ ಒತ್ತಿಕೊಂಡಿರುವ ಸ್ಪ್ರಿಂಗ್ ಸಿಡಿಯುತ್ತದೆ. ರಿಪೇರಿಯಾದ ಜೋಡಿ ಬಂದಿದೆ. ಎರಡೂ ಬದಿಯನ್ನು ಒಟ್ಟಿಗೇ ಬದಲಿಸುತ್ತೇನೆ. ತೋಳು ಕಳಚಿದಾಗ ಕಿಂಗ್ ಪಿನ್‌ನ ಬುಷ್‌ಗಳನ್ನು ಅಲುಗಾಡಿಸಿ ನೋಡುವುದೂ ಅದೇ ಕೆಲಸದಲ್ಲಿ ಆಗುತ್ತದೆ.